ಒಂದು ಮಾತು, ಎರಡು ಮತ



ಕನ್ನಡದಲ್ಲಿ 'ಮತ' ಎಂಬುದು ಸ್ವಲ್ಪ ಚೇಷ್ಟೆಯ ಮಾತು. ಮನುಷ್ಯ ನಂಬಿ ನಡೆಯುವ ಧರ್ಮವೂ ಮತ. ಐದು ವರ್ಷಕ್ಕೊಮ್ಮೆ ಅವನು ಸರಕಾರಿ ಶಾಲೆಯ ಕೊಠಡಿಯಲ್ಲಿ, ರಟ್ಟಿನ ಮರೆಯ ಹಿಂದೆ ನಿಂತು ಕೊಡುವುದೂ ಮತ. ಮೂಲದಲ್ಲಿ ಈ ಶಬ್ದಕ್ಕೆ ಅಭಿಪ್ರಾಯ, ಅಂದರೆ ಮನಸ್ಸು ಯೋಚಿಸಿ ಒಪ್ಪಿಕೊಂಡದ್ದು, ಎಂದು ಅರ್ಥ. ಈ ಎರಡು ಮತಗಳು ಒಂದೇ ಮನುಷ್ಯನೊಳಗೆ ಎದುರುಬದುರಾಗಿ ನಿಂತಾಗ ಏನಾಗುತ್ತದೆ? ಇಂದು ಈ ಪ್ರಶ್ನೆಯನ್ನು ನಮ್ಮ ನಾಡಿನ ಒಂದು ಸಣ್ಣ ಸಮುದಾಯದ ಮೂಲಕ, ಕ್ರೈಸ್ತರ ಮೂಲಕ, ನೋಡೋಣ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ನಾನು ಬಹಳ ವರ್ಷ ಓಡಾಡಿದ, ಪಾಠ ಹೇಳಿದ ಸೀಮೆ. ಲಿಂಬೆ, ತೊಗರಿ, ಬಿಳಿಜೋಳದ ನಾಡು. ಮಳೆ ಕೈಕೊಟ್ಟ ವರ್ಷ ಗೋವೆಗೋ ಮಹಾರಾಷ್ಟ್ರಕ್ಕೋ ಗುಳೆ ಹೋಗುವ ನಾಡು. ಇಲ್ಲಿ ಕ್ರೈಸ್ತರು ಎಷ್ಟು ಮಂದಿ ಎಂದು ಕೇಳಿದರೆ, ಬೆರಳೆಣಿಕೆಯಷ್ಟು ಎನ್ನಬೇಕು. 2011ರ ಜನಗಣತಿಯ ಪ್ರಕಾರ ಇಡೀ ಕರ್ನಾಟಕದಲ್ಲಿ ಅವರ ಪ್ರಮಾಣ ಶೇಕಡಾ 1.87. ಮಂಗಳೂರು, ಉಡುಪಿ, ಬೆಂಗಳೂರುಗಳ ಲೆಕ್ಕ ಅದರೊಳಗೇ ಇದೆ. ನಮ್ಮ ಜಿಲ್ಲೆಯಲ್ಲಿ ಅವರು ಶೇಕಡಾ ಒಂದಕ್ಕಿಂತಲೂ ಬಹಳ ಕಡಿಮೆ. ಒಂದು ಊರಿನಲ್ಲಿ ಐದು ಮನೆ, ಇನ್ನೊಂದರಲ್ಲಿ ಎಂಟು ಮನೆ. ಎಷ್ಟೋ ಊರುಗಳಲ್ಲಿ ಒಂದೂ ಇಲ್ಲ.

ಅಂಥ ಒಂದು ಮನೆಯ ಹುಡುಗ ನನ್ನ ಪದವಿ ತರಗತಿಯಲ್ಲಿದ್ದ. ಸಿಂದಗಿ ತಾಲೂಕಿನವನು. ಅಪ್ಪ ಗೋವೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಅಜ್ಜನ ಕಾಲದಲ್ಲಿ ದೀಕ್ಷಾಸ್ನಾನ ಪಡೆದ ಮನೆತನ. ಅದಕ್ಕೆ ಮೊದಲು ಊರ ಹೊರಗಿನ ಕೇರಿಯವರು. ಒಂದು ದಿನ ಪಾಠ ಮುಗಿದ ಮೇಲೆ ಬಂದು ಕೇಳಿದ:

"ಸರ್, ನಮ್ಮೂರಾಗ ನಮ್ಮವು ಏಳು ಮನಿ ಅದಾವ್ರಿ. ನಾವು ವೋಟ್ ಹಾಕಿದ್ರೂ ಅಷ್ಟ, ಬಿಟ್ರೂ ಅಷ್ಟ. ನಮ್ಮ ಪಾಸ್ಟರು ರಾಜಕೀಯ ಹೊಲಸು, ದೂರ ಇರ್ರಿ ಅಂತಾರ. ನಮ್ಮ ಕಾಕಾ, ಯಾರು ಹೆಚ್ಚು ಕೊಡ್ತಾರ ಅವರಿಗೆ ಹಾಕೂಣು ಅಂತಾನ. ಮನಸ್ಸಿಗೆ ಸರಿ ಕಂಡದ್ದು ಮಾಡಂತ ನೀವು ಅಂತೀರಿ. ನಾ ಯಾರ ಮಾತು ಕೇಳ್ಲಿ?"

ನಾನು ತಕ್ಷಣ ಉತ್ತರ ಕೊಡಲಿಲ್ಲ. ಅವನು ಕೇಳಿದ್ದು ಒಂದು ಪ್ರಶ್ನೆಯಾಗಿರಲಿಲ್ಲ, ಮೂರಾಗಿದ್ದವು. ಪಾಸ್ಟರ ಮಾತಿನಿಂದಲೇ ಆರಂಭಿಸೋಣ, ಏಕೆಂದರೆ ಅದಕ್ಕೆ ಎಲ್ಲಕ್ಕಿಂತ ಹಳೆಯ ಚರಿತ್ರೆಯಿದೆ.

ರಾಜ್ಯಕ್ಕೂ ದೇವರಿಗೂ ಸಲ್ಲಬೇಕಾದದ್ದು ಬೇರೆ ಬೇರೆ ಎಂಬ ವಿವೇಕವನ್ನು ಕ್ರೈಸ್ತರು ಸುವಾರ್ತೆಯಲ್ಲಿ ಬರುವ ರೋಮನ್ ನಾಣ್ಯದ ಪ್ರಸಂಗದಿಂದ ಕಲಿತರು. ಕಂದಾಯ ಕೊಡಬೇಕೇ ಬೇಡವೇ ಎಂದು ಕೇಳಿದವರಿಗೆ ಯೇಸು ನಾಣ್ಯದ ಮೇಲಿನ ಮುಖ ಯಾರದೆಂದು ತಿರುಗಿ ಕೇಳಿದ ಕಥೆ ಅದು. ಆದರೆ ಈ ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬಲ್ಲಿ ಕ್ರೈಸ್ತರಲ್ಲೇ ಒಮ್ಮತವಿಲ್ಲ. ಯೆಹೋವನ ಸಾಕ್ಷಿಗಳು ಎಂಬ ಪಂಥದವರು ಮತ ಹಾಕುವುದಿಲ್ಲ, ಚುನಾವಣೆಗೆ ನಿಲ್ಲುವುದಿಲ್ಲ. ತಮ್ಮ ನಿಷ್ಠೆ ದೇವರ ರಾಜ್ಯಕ್ಕೆ ಮಾತ್ರ ಎಂಬುದು ಅವರ ನಂಬಿಕೆ. ಇನ್ನೊಂದು ಕಡೆ, ರೋಮನ್ ಕ್ಯಾಥೊಲಿಕ್ ಸಭೆ 1965ರಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆಯ ದಾಖಲೆಯೊಂದರಲ್ಲಿ, ಸಾಮಾನ್ಯ ಹಿತಕ್ಕಾಗಿ ಸ್ವತಂತ್ರವಾಗಿ ಮತ ನೀಡುವುದು ಹಕ್ಕು ಮಾತ್ರವಲ್ಲ, ಕರ್ತವ್ಯವೂ ಹೌದೆಂದು ನೆನಪಿಸಿತು. ಅದೇ ಸಭೆಯ 1983ರ ಧರ್ಮಸಂಹಿತೆ ಮಾತ್ರ ಪಾದ್ರಿಗಳು ರಾಜ್ಯಾಧಿಕಾರದ ಹುದ್ದೆಗಳನ್ನು ಹಿಡಿಯಬಾರದೆನ್ನುತ್ತದೆ. ಭಕ್ತರು ರಾಜಕೀಯಕ್ಕೆ ಹೋಗಲಿ, ಗುರುಗಳು ಹೋಗುವುದು ಬೇಡ ಎಂಬುದು ಅದರ ತಾತ್ಪರ್ಯ.

ಮತ ಹಾಕದಿರುವವರ ಬಗ್ಗೆ ನಾವು ಸಿಡಿಮಿಡಿಗೊಳ್ಳಬೇಕಾದ ಕಾರಣವಿಲ್ಲ. ಭಾರತದಲ್ಲಿ ಮತದಾನ ಕಡ್ಡಾಯವಲ್ಲ. ನಮ್ಮ ಸಂವಿಧಾನದ 25ನೆಯ ವಿಧಿ ಧರ್ಮ ಸ್ವಾತಂತ್ರ್ಯಕ್ಕಿಂತ ಮೊದಲು ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಹೇಳುತ್ತದೆ. ಈ ಕ್ರಮ ಗಮನಿಸಬೇಕಾದದ್ದು. 1985ರಲ್ಲಿ ಕೇರಳದ ಶಾಲೆಯೊಂದು ರಾಷ್ಟ್ರಗೀತೆ ಹಾಡಲಿಲ್ಲವೆಂದು ಈ ಪಂಥದ ಮೂವರು ಮಕ್ಕಳನ್ನು ಹೊರಗೆ ಹಾಕಿತು. ಆ ಮಕ್ಕಳು ಗೀತೆ ನಡೆಯುವಾಗ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ, ಅಷ್ಟೆ. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿಯವರು ಆ ಮಕ್ಕಳ ಪರವಾಗಿ ತೀರ್ಪಿತ್ತರು. ನಂಬಿಕೆ ನಮಗೆ ವಿಚಿತ್ರವಾಗಿ ಕಂಡರೂ ಪ್ರಾಮಾಣಿಕವಾಗಿದ್ದರೆ ಅದಕ್ಕೆ ರಕ್ಷಣೆಯಿದೆ ಎಂಬುದು ಆ ತೀರ್ಪಿನ ಸಾರ.

'ಪ್ರಾಮಾಣಿಕವಾಗಿದ್ದರೆ' ಎಂಬ ಶಬ್ದವನ್ನು ಒತ್ತಿ ಹೇಳುತ್ತೇನೆ. ಬಿಸಿಲು ಹೆಚ್ಚಾಯಿತೆಂದು ಮನೆಯಲ್ಲಿ ಕುಳಿತವನು ಅಂತಃಸಾಕ್ಷಿಯ ಹೆಸರು ಹೇಳಬಾರದು. ನಿಂತವರಲ್ಲಿ ಯಾರೂ ಬೇಡ ಎನ್ನುವವನಿಗೂ 2013ರಿಂದ ದಾರಿಯಿದೆ. ಆ ವರ್ಷದ ಸೆಪ್ಟೆಂಬರ್ 27ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಮತಯಂತ್ರದ ಕೊನೆಗೆ 'ಮೇಲಿನ ಯಾರೂ ಅಲ್ಲ' ಎಂಬ ಗುಂಡಿ ಬಂತು. ನಾವು ಅದನ್ನು ನೋಟಾ ಎನ್ನುತ್ತೇವೆ. ಅದಕ್ಕೆ ಮೊದಲು ಯಾರಿಗೂ ಮತ ಹಾಕದವನು ಮತಗಟ್ಟೆಯ ಅಧಿಕಾರಿಯ ಮುಂದೆ ಹೇಳಿ, ಪುಸ್ತಕದಲ್ಲಿ ಬರೆಸಿ ಬರಬೇಕಿತ್ತು. ಊರ ಮಂದಿಯೆಲ್ಲ ಏಜೆಂಟರಾಗಿ ಕುಳಿತಿರುವಾಗ ಏಳು ಮನೆಯವರಲ್ಲಿ ಒಬ್ಬ ಹಾಗೆ ಹೇಳಿ ಬರುವುದು ಎಷ್ಟು ಸುಲಭ ಎಂಬುದನ್ನು ನೀವೇ ಊಹಿಸಿ.

ರಾಜಕೀಯ ಹೊಲಸು, ಭಕ್ತ ದೂರವಿರಬೇಕು ಎಂಬ ಮಾತು ಕ್ರೈಸ್ತರದು ಮಾತ್ರವಲ್ಲ. ಅದನ್ನು ಬಾಗೇವಾಡಿಯ ನೆಲದಲ್ಲಿ ನಿಂತು ಹೇಳುವುದಂತೂ ಕಷ್ಟ. ಹನ್ನೆರಡನೆಯ ಶತಮಾನದಲ್ಲಿ ಆ ಊರಿನಲ್ಲಿ ಹುಟ್ಟಿದ ಬಸವಣ್ಣನವರು ಮನಸ್ಸು ಒಪ್ಪದ ಜನಿವಾರವನ್ನು ಬೇಡವೆಂದು ಮನೆ ಬಿಟ್ಟು ಕೂಡಲಸಂಗಮಕ್ಕೆ ಹೋದರೆಂದು ಪರಂಪರೆ ಹೇಳುತ್ತದೆ. ಅದೇ ಬಸವಣ್ಣನವರು ಮುಂದೆ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರವನ್ನು ನೋಡಿಕೊಂಡರು. ಅರಸನ ಊಳಿಗಕ್ಕೆ ಭಕ್ತ ಹೋಗಬಹುದೇ ಎಂದು ಕೇಳಿದವರು ಆಗಲೂ ಇದ್ದರು. ಹೋದದ್ದಕ್ಕೆ ಕೊನೆಗೆ ಕಲ್ಯಾಣ ತೆತ್ತ ಬೆಲೆಯೂ ನಮಗೆ ಗೊತ್ತಿದೆ. ಇದನ್ನು ನಾನು ಹೋಲಿಕೆಗಾಗಿ ಹೇಳುತ್ತಿಲ್ಲ. ಪ್ರಶ್ನೆ ನಮ್ಮ ಮಣ್ಣಿಗೆ ಹೊಸದಲ್ಲ ಎಂಬುದಕ್ಕಾಗಿ ಹೇಳಿದೆ.

ಧರ್ಮಸಭೆ ಚುನಾವಣೆಯಿಂದ ದೂರವಿದ್ದರೆ ಸಾಕೇ? ಕೆಲವೊಮ್ಮೆ ಚುನಾವಣೆಯೇ ಸಭೆಯ ಒಳಗೆ ಬರುತ್ತದೆ. 1933ರ ಜುಲೈ 23ರಂದು ಜರ್ಮನಿಯ ಪ್ರಾಟೆಸ್ಟಂಟ್ ಸಭೆಗಳ ಆಡಳಿತಕ್ಕೆ ಚುನಾವಣೆ ನಡೆಯಿತು. ಹಿಂದಿನ ದಿನ ಸಂಜೆ ಹಿಟ್ಲರ್ ಸ್ವತಃ ರೇಡಿಯೋದಲ್ಲಿ ಮಾತಾಡಿ, ತನ್ನನ್ನು ಬೆಂಬಲಿಸುವ 'ಜರ್ಮನ್ ಕ್ರೈಸ್ತರು' ಎಂಬ ಬಣದ ಪರ ನಿಂತ. ಆ ಬಣ ಭಾರೀ ಬಹುಮತದಿಂದ ಗೆದ್ದಿತು. ಮತ ಹಾಕಿದವರೆಲ್ಲ ದೀಕ್ಷಾಸ್ನಾನ ಪಡೆದ ಕ್ರೈಸ್ತರೇ. ಮರುವರ್ಷ ಮೇ ತಿಂಗಳಲ್ಲಿ ಬಾರ್ಮೆನ್ ಎಂಬ ಊರಿನಲ್ಲಿ ಸೇರಿದ ಕೆಲವರು, ರಾಜ್ಯವು ಸಭೆಯ ಒಡೆಯನಾಗಲಾರದು ಎಂಬ ಘೋಷಣೆಯನ್ನು ಹೊರಡಿಸಿದರು. ಅವರ ಜೊತೆಯ ತರುಣ ಪಾದ್ರಿ ಡೀಟ್ರಿಕ್ ಬಾನ್‌ಹಾಫರರನ್ನು 1945ರ ಏಪ್ರಿಲ್ 9ರಂದು ಗಲ್ಲಿಗೆ ಹಾಕಲಾಯಿತು. ರಾಜಕೀಯದಿಂದ ದೂರವಿದ್ದು ಕೈ ತೊಳೆದುಕೊಂಡೆವು ಎಂದವರ ಕೈಗಳೂ ಆ ವರ್ಷಗಳಲ್ಲಿ ಶುದ್ಧವಾಗಿ ಉಳಿಯಲಿಲ್ಲ.

ಈಗ ಕಾಕಾನ ಮಾತಿಗೆ ಬರೋಣ. ಅದನ್ನು ಬೇಗ ಮುಗಿಸಬಹುದು. ಮತಕ್ಕೆ ಹಣ ಕೊಡುವುದೂ ಪಡೆಯುವುದೂ ಎರಡೂ ಅಪರಾಧ. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 123ನೆಯ ಕಲಮು ಇದನ್ನು ಭ್ರಷ್ಟ ಆಚರಣೆ ಎನ್ನುತ್ತದೆ. ಅದೇ ಕಲಮಿನ ಇನ್ನೊಂದು ಭಾಗವನ್ನು ಮಾತ್ರ ಯಾರೂ ಹೆಚ್ಚು ಓದುವುದಿಲ್ಲ. ಇಂಥವನಿಗೆ ಮತ ಹಾಕದಿದ್ದರೆ ದೇವರ ಕೋಪಕ್ಕೆ ಗುರಿಯಾಗುತ್ತೀ ಎಂದು ಅಭ್ಯರ್ಥಿಯ ಕಡೆಯವರು ಮತದಾರನನ್ನು ನಂಬಿಸಿದರೆ ಅದೂ ಭ್ರಷ್ಟ ಆಚರಣೆಯೇ. ಪಾದ್ರಿಗಳು ಹೇಳಲಿ, ಮಠಾಧೀಶರು ಹೇಳಲಿ, ಮೌಲ್ವಿಗಳು ಹೇಳಲಿ, ನಿಯಮ ಒಂದೇ. ಧರ್ಮದ ಹೆಸರಿನಲ್ಲಿ ಮತ ಕೇಳುವುದನ್ನು 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಇನ್ನಷ್ಟು ಬಿಗಿ ಮಾಡಿತು. ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರನ ಧರ್ಮವನ್ನು ಮುಂದಿಟ್ಟು ಕೇಳುವುದೂ ತಪ್ಪು ಎಂದು ನಾಲ್ವರು ಹೇಳಿದರು, ಮೂವರು ಒಪ್ಪಲಿಲ್ಲ. ಒಪ್ಪದ ಮೂವರ ವಾದವನ್ನು ಕಾಲೇಜಿನ ವಿದ್ಯಾರ್ಥಿಗಳು ಓದಬೇಕು. ತುಳಿತಕ್ಕೊಳಗಾದ ಸಮುದಾಯವೊಂದು ತನ್ನ ನೋವನ್ನು ಹೇಳಿಕೊಂಡು ಮತ ಕೇಳುವುದನ್ನೂ ತಡೆದರೆ ಅದು ಎಲ್ಲಿ ಮಾತಾಡಬೇಕು ಎಂಬ ಆತಂಕ ಅದರಲ್ಲಿದೆ.

ಹುಡುಗನ ಮೊದಲ ಮಾತು ಉಳಿಯಿತು: "ಹಾಕಿದ್ರೂ ಅಷ್ಟ, ಬಿಟ್ರೂ ಅಷ್ಟ." ನಮ್ಮ ಜನ ಮತವನ್ನು ಅಷ್ಟು ಅಗ್ಗವೆಂದು ತಿಳಿದಿಲ್ಲ. 2023ರ ಮೇ 10ರಂದು ಬಸವನ ಬಾಗೇವಾಡಿ ತಾಲೂಕಿನ ಮಸಬಿನಾಳದಲ್ಲಿ, ಅಧಿಕಾರಿಗಳು ಕಾದಿರಿಸಿದ್ದ ಮತಯಂತ್ರಗಳನ್ನು ಗಾಡಿಯಲ್ಲಿ ಒಯ್ಯುತ್ತಿದ್ದುದನ್ನು ಕಂಡು, ಏನೋ ಮೋಸ ನಡೆಯಿತೆಂದು ತಪ್ಪು ತಿಳಿದ ಗ್ರಾಮಸ್ಥರು ಯಂತ್ರಗಳನ್ನೇ ಒಡೆದುಹಾಕಿದರು. ಮಾಡಿದ್ದು ತಪ್ಪು, ಹಲವರು ಬಂಧನಕ್ಕೊಳಗಾದರು. ಆದರೆ ತಮ್ಮ ಮತವನ್ನು ಯಾರೋ ಕದ್ದರೆಂಬ ಸಂಶಯಕ್ಕೆ ಅಷ್ಟು ಸಿಟ್ಟು ಬರುವುದು ಮತಕ್ಕೆ ಬೆಲೆಯಿದೆ ಎಂದು ನಂಬಿದವರಿಗೆ ಮಾತ್ರ.

ಏಳು ಮನೆಯವರ ನಿಜವಾದ ಕಷ್ಟ ಬೇರೆ. ಅವರ ಮತ ಗುಟ್ಟಾಗಿ ಉಳಿಯುವುದು ಕಷ್ಟ. ನೀನು ಯಾರಿಗೆ ಮತ ಹಾಕಿದೆ ಎಂದು ಹೇಳುವಂತೆ ಯಾರನ್ನೂ, ನ್ಯಾಯಾಲಯದ ಸಾಕ್ಷಿಕಟ್ಟೆಯಲ್ಲಿ ಕೂಡ, ಒತ್ತಾಯಿಸುವಂತಿಲ್ಲ, ಕಾಯಿದೆ ಸ್ಪಷ್ಟವಾಗಿದೆ. ಹಿಂದೆ ಮತಪತ್ರಗಳಿದ್ದಾಗ ಹಲವು ಮತಗಟ್ಟೆಗಳ ಚೀಟಿಗಳನ್ನು ಬೆರೆಸಿ ಎಣಿಸುವ ವ್ಯವಸ್ಥೆಯಿತ್ತು. ಮತಯಂತ್ರ ಬಂದ ಮೇಲೆ ಪ್ರತಿ ಮತಗಟ್ಟೆಯ ಲೆಕ್ಕ ಬೇರೆಯಾಗಿ ಹೊರಬರುತ್ತದೆ. ಸಣ್ಣ ಊರಿನ ಮತಗಟ್ಟೆಯಲ್ಲಿ ಯಾವ ಓಣಿ ಯಾರ ಕಡೆ ಹೋಯಿತೆಂದು ಕಟ್ಟೆಯ ಮೇಲೆ ಕುಳಿತವರು ಸಲೀಸಾಗಿ ಲೆಕ್ಕ ಹಾಕುತ್ತಾರೆ. ಇದನ್ನು ತಪ್ಪಿಸಲು ಹಲವು ಯಂತ್ರಗಳ ಮತ ಒಟ್ಟುಗೂಡಿಸಿ ತೋರಿಸುವ ಟೋಟಲೈಜರ್ ಎಂಬ ಸಾಧನವನ್ನು ಚುನಾವಣಾ ಆಯೋಗ 2008ರಲ್ಲೇ ಸೂಚಿಸಿತ್ತು, 2015ರಲ್ಲಿ ಕಾನೂನು ಆಯೋಗವೂ ಶಿಫಾರಸು ಮಾಡಿತು. ಕೇಂದ್ರ ಸರಕಾರ ಒಪ್ಪಲಿಲ್ಲ. ನನ್ನ ಅಭಿಪ್ರಾಯದಲ್ಲಿ ಅದು ಸಣ್ಣ ಸಮುದಾಯಗಳಿಗೆ ಆದ ನಷ್ಟ. ಅಂತಃಸಾಕ್ಷಿಗೆ ಧೈರ್ಯದಷ್ಟೇ ಮರೆಯೂ ಬೇಕು.

ಸಣ್ಣ ಸಮುದಾಯ ತನ್ನ ಪಾಲಿಗೆ ಪ್ರತ್ಯೇಕ ಸ್ಥಾನ ಕೇಳಬಾರದೇ ಎಂಬುದು ಸಹಜವಾದ ಪ್ರಶ್ನೆ. ಕ್ರೈಸ್ತರು ಅದನ್ನು ಕೇಳಿದ್ದರು, ಪಡೆದಿದ್ದರು, ಬಿಟ್ಟೂಕೊಟ್ಟರು. ಬ್ರಿಟಿಷರ ಕಾಲದಲ್ಲಿ 1919ರ ಕಾಯಿದೆ ಮದರಾಸಿನ ಭಾರತೀಯ ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರ ಕೊಟ್ಟಿತು. 1935ರ ಕಾಯಿದೆ ಅದನ್ನು ಮುಂಬಯಿ ಮೊದಲಾದ ಪ್ರಾಂತಗಳಿಗೂ ವಿಸ್ತರಿಸಿತು. ಕ್ರೈಸ್ತರು ಕ್ರೈಸ್ತರಿಗೇ ಮತ ಹಾಕುವ ಪದ್ಧತಿ ಅದು. ದುಂಡು ಮೇಜಿನ ಪರಿಷತ್ತಿನಲ್ಲಿ ಎ.ಟಿ. ಪನ್ನೀರ್‌ಸೆಲ್ವಂ ಅದರ ಪರ ನಿಂತರೆ, ಕೆ.ಟಿ. ಪಾಲ್ ಮತ್ತು ಎಸ್.ಕೆ. ದತ್ತ ಅದನ್ನು ವಿರೋಧಿಸಿದರು. ಗೋಡೆ ಕಟ್ಟಿಕೊಂಡು ಒಳಗೆ ಕುಳಿತರೆ ಪಕ್ಕದ ಮನೆಯವನಿಗೆ ನಾವು ಉತ್ತರ ಹೇಳುವವರೂ ಅಲ್ಲ, ಅವನು ನಮಗೆ ಉತ್ತರ ಹೇಳುವವನೂ ಅಲ್ಲ ಎಂಬುದು ವಿರೋಧಿಸಿದವರ ಕಡೆಯ ಚಿಂತನೆ.

ಸಂವಿಧಾನ ಸಭೆ 1947ರ ಆಗಸ್ಟ್‌ನಲ್ಲಿ ಪ್ರತ್ಯೇಕ ಮತಕ್ಷೇತ್ರವನ್ನು ಕೈಬಿಟ್ಟರೂ ಅಲ್ಪಸಂಖ್ಯಾತರಿಗೆ ಮೀಸಲು ಸ್ಥಾನಗಳನ್ನು ಉಳಿಸಲು ಒಪ್ಪಿತ್ತು. 1949ರ ಮೇ ತಿಂಗಳಲ್ಲಿ ಅದೂ ಹೋಯಿತು. ಆ ಬದಲಾವಣೆಯಲ್ಲಿ ಮುಂದೆ ನಿಂತವರು ಸಂವಿಧಾನ ಸಭೆಯ ಉಪಾಧ್ಯಕ್ಷರಾಗಿದ್ದ ಬಂಗಾಳದ ಕ್ರೈಸ್ತ ಅಧ್ಯಾಪಕ ಎಚ್.ಸಿ. ಮುಖರ್ಜಿ. ಅವರ ಜೊತೆಗಿದ್ದವರು ಜೆರೋಮ್ ಡಿಸೋಜ. ಇವರು 1897ರಲ್ಲಿ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಯೇಸುಸಭೆಯ ಪಾದ್ರಿ; ಮದರಾಸಿನಿಂದ ಸಂವಿಧಾನ ಸಭೆಗೆ ಬಂದವರು. (ಆಂಗ್ಲೋ-ಇಂಡಿಯನ್ನರಿಗೆ 2020ರ ಜನವರಿಯವರೆಗೆ ಇದ್ದ ನಾಮಕರಣದ ಸ್ಥಾನಗಳನ್ನು ಕ್ರೈಸ್ತರ ಮೀಸಲಾತಿ ಎಂದು ಅನೇಕರು ತಪ್ಪು ತಿಳಿಯುತ್ತಾರೆ. ಅದು ಬೇರೆ.)

ಈ ತ್ಯಾಗದ ಫಲ ಏನಾಯಿತು? 1952ರ ಮೊದಲ ಮಹಾಚುನಾವಣೆಯಲ್ಲಿ, ನಮ್ಮ ವಿಜಯಪುರದಂತೆ ಆಗ ಮುಂಬಯಿ ರಾಜ್ಯದಲ್ಲೇ ಇದ್ದ ಕೆನರಾ ಕ್ಷೇತ್ರದಿಂದ ಜೋಕಿಂ ಆಳ್ವ ಗೆದ್ದರು. ಅಲ್ಲಿ ಕ್ರೈಸ್ತರು ಅಲ್ಪಸಂಖ್ಯಾತರೇ. ಉಡುಪಿಯಿಂದ ಆಸ್ಕರ್ ಫೆರ್ನಾಂಡಿಸ್ 1980ರಿಂದ ಸತತವಾಗಿ ಐದು ಸಲ ಗೆದ್ದರು. 1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫೆರ್ನಾಂಡಿಸರ ಕಥೆ ಇನ್ನೂ ಸ್ವಾರಸ್ಯದ್ದು. ಪಾದ್ರಿಯಾಗಲೆಂದು ಬೆಂಗಳೂರಿನ ಗುರುಮಠಕ್ಕೆ ಸೇರಿದ ಹುಡುಗ, ಗುರುಗಳಿಗೆ ಒಂದು ಊಟ, ವಿದ್ಯಾರ್ಥಿಗಳಿಗೆ ಇನ್ನೊಂದು ಊಟ ಎಂಬುದನ್ನು ಕಂಡು ಬೇಸತ್ತು ಹೊರಬಂದೆನೆಂದು ತಾನೇ ಹೇಳುತ್ತಿದ್ದರು. 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿದರು. 1977ರಲ್ಲಿ ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರಪುರದಿಂದ ಗೆದ್ದರು. ಮುಂದಿನ ಅವರ ರಾಜಕೀಯ ನಿಲುವುಗಳನ್ನು ಕ್ರೈಸ್ತರಲ್ಲೇ ಬಹಳ ಮಂದಿ ಒಪ್ಪಲಿಲ್ಲ. ಒಪ್ಪಲೇಬೇಕೆಂದೂ ಇಲ್ಲ. ಆದರೆ ಅವರಿಗೆ ಮತ ಹಾಕಿದವರಲ್ಲಿ ಕ್ರೈಸ್ತರಲ್ಲದವರೇ ಹೆಚ್ಚಾಗಿದ್ದರು.

ಇವನ್ನೆಲ್ಲ ನಾನು ಆ ಹುಡುಗನಿಗೆ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವನು ಕೇಳಿಸಿಕೊಂಡು ಸುಮ್ಮನಿದ್ದ. ಎರಡು ವರ್ಷದ ಮೇಲೆ ಮತ್ತೆ ಬಂದ. ಆಗ 2020ರ ಗ್ರಾಮ ಪಂಚಾಯಿತಿ ಚುನಾವಣೆ ಹತ್ತಿರವಾಗಿತ್ತು. ಅವನಿಗೆ ಇಪ್ಪತ್ತೊಂದು ತುಂಬಿತ್ತು. ಪಂಚಾಯಿತಿಗೆ ನಿಲ್ಲಲು ಅಷ್ಟು ವಯಸ್ಸು ಸಾಕು. ಕೈಯಲ್ಲಿ ಜಾತಿ ಪ್ರಮಾಣಪತ್ರದ ಅರ್ಜಿಯಿತ್ತು.

"ಸರ್, ನಮ್ಮ ವಾರ್ಡಿನಾಗ ಒಂದು ಸೀಟು ಪರಿಶಿಷ್ಟ ಜಾತಿಗೆ ಬಂದೈತ್ರಿ. ಕೇರಿ ಮಂದಿ ನೀನ ನಿಲ್ಲು ಅಂತಾರ. ಶಾಲಿ ದಾಖಲಾತ್ಯಾಗ ನಮ್ಮಪ್ಪ ಹಳೇ ಜಾತೀನ ಬರಿಸ್ಯಾನ. ಈ ಧರ್ಮದ ಕಾಲಂದಾಗ ಹಿಂದೂ ಅಂತ ಬರದ್ರ ಮುಗೀತು ಅಂತಾರ್ರಿ. ಬರೀಲೇನ್ರಿ?"

ಮಿತ್ರರೇ, ಅಂತಃಸಾಕ್ಷಿ ಎಂಬ ದೊಡ್ಡ ಶಬ್ದ ಅರ್ಜಿಯ ಒಂದು ಕಾಲಮಿನ ಅಗಲಕ್ಕೆ ಬಂದು ನಿಂತದ್ದನ್ನು ನಾನು ಅಂದು ಕಂಡೆ. ಇದರ ಹಿನ್ನೆಲೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಯಾರು ಪರಿಶಿಷ್ಟ ಜಾತಿಯವರು ಎಂಬುದನ್ನು 1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶ ನಿರ್ಧರಿಸುತ್ತದೆ. ಅದರ ಮೂರನೆಯ ಪ್ಯಾರಾ ಮೊದಲು ಹಿಂದೂಗಳಿಗಷ್ಟೇ ಈ ಸ್ಥಾನ ಕೊಟ್ಟಿತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು. ಕ್ರೈಸ್ತ ಮತ್ತು ಮುಸ್ಲಿಂ ದಲಿತರು ಹೊರಗೇ ಉಳಿದರು. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರಿಗೆ ಪ್ರವರ್ಗ 1ರಲ್ಲಿ ಸ್ಥಾನವಿದೆ, ನಿಜ. ಆದರೆ ವಿಧಾನಸಭೆ, ಲೋಕಸಭೆಗಳಲ್ಲಿ ಹಿಂದುಳಿದ ವರ್ಗಗಳಿಗೆ ಮೀಸಲು ಕ್ಷೇತ್ರಗಳಿಲ್ಲ.

ನಮ್ಮ ನಾಲ್ಕು ತಾಲೂಕುಗಳಲ್ಲಿ ಇದರ ಪರಿಣಾಮ ವಿಚಿತ್ರವಾಗಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ವಿಧಾನಸಭೆಗೆ ಸಾಮಾನ್ಯ ಕ್ಷೇತ್ರಗಳು. ಯಾರು ಬೇಕಾದರೂ ನಿಲ್ಲಬಹುದು. ಈ ನಾಲ್ಕನ್ನೂ ಒಳಗೊಂಡ ವಿಜಯಪುರ ಲೋಕಸಭಾ ಕ್ಷೇತ್ರ ಮಾತ್ರ ಕ್ಷೇತ್ರ ಪುನರ್ವಿಂಗಡಣೆಯ ನಂತರ, 2009ರ ಚುನಾವಣೆಯಿಂದ, ಪರಿಶಿಷ್ಟ ಜಾತಿಗೆ ಮೀಸಲು. ಒಂದೇ ಓಣಿಯ ಇಬ್ಬರು ಅಣ್ಣತಮ್ಮಂದಿರ ಮಕ್ಕಳಲ್ಲಿ ಒಬ್ಬ ಗುಡಿಗೆ ಹೋಗುತ್ತಾನೆ, ಇನ್ನೊಬ್ಬ ಪ್ರಾರ್ಥನಾ ಮಂದಿರಕ್ಕೆ ಹೋಗುತ್ತಾನೆ ಎಂದಿಟ್ಟುಕೊಳ್ಳಿ. ಇಬ್ಬರಿಗೂ ಲೋಕಸಭೆಗೆ ಮತ ಹಾಕುವ ಹಕ್ಕಿದೆ. ತಮ್ಮ ಜಿಲ್ಲೆಯಿಂದ ನಿಲ್ಲುವ ಹಕ್ಕು ಮೊದಲನೆಯವನಿಗೆ ಮಾತ್ರ. ಎರಡನೆಯವನು ನಿಲ್ಲಬೇಕೆಂದರೆ ದೇಶದ ಇನ್ನಾವುದೋ ಸಾಮಾನ್ಯ ಕ್ಷೇತ್ರವನ್ನು ಹುಡುಕಿಕೊಂಡು ಹೋಗಬೇಕು.

ಈ ಗಂಟನ್ನು ಬಿಡಿಸಲು ನ್ಯಾಯಾಲಯಗಳು ಎಷ್ಟು ಹೆಣಗಿವೆ ಎಂಬುದಕ್ಕೆ ನಮ್ಮ ಕೋಲಾರದ ಚಿನ್ನದ ಗಣಿಯ ಒಂದು ಮೊಕದ್ದಮೆ ಪ್ರಸಿದ್ಧವಾದ ಉದಾಹರಣೆ. ಎಸ್. ರಾಜಗೋಪಾಲ್ ಎಂಬವರು ಆದಿ ದ್ರಾವಿಡ ಜಾತಿಯವರು. 1949ರಲ್ಲಿ ಕ್ರೈಸ್ತರಾದರು, ಆಮೇಲೆ ಹಿಂದೂ ಧರ್ಮಕ್ಕೆ ಮರಳಿದೆನೆಂದರು. 1967ರಲ್ಲಿ ಮೀಸಲು ಕ್ಷೇತ್ರವಾದ ಕೆ.ಜಿ.ಎಫ್.ನಿಂದ ವಿಧಾನಸಭೆಗೆ ಆಯ್ಕೆಯಾದರು. ಎದುರಾಳಿ ಸಿ.ಎಂ. ಆರ್ಮುಗಂ ನ್ಯಾಯಾಲಯಕ್ಕೆ ಹೋದರು. ಮತಾಂತರದಿಂದ ಜಾತಿ ಹೋಯಿತು, ಅದು ಮರಳಿ ಬಂದದ್ದಕ್ಕೆ ಸಾಕಷ್ಟು ಪುರಾವೆಯಿಲ್ಲ ಎಂದು 1968ರಲ್ಲಿ ಸುಪ್ರೀಂ ಕೋರ್ಟ್ ಆ ಆಯ್ಕೆ ಅಸಿಂಧುವೆಂದಿತು. 1972ರಲ್ಲಿ ರಾಜಗೋಪಾಲ್ ಅಲ್ಲಿಂದಲೇ ಮತ್ತೆ ಗೆದ್ದರು. ಮತ್ತೆ ಮೊಕದ್ದಮೆ. ಈ ಸಲ, 1975ರ ಡಿಸೆಂಬರ್‌ನಲ್ಲಿ, ಅದೇ ಸುಪ್ರೀಂ ಕೋರ್ಟ್ ಬೇರೆ ಮಾತು ಹೇಳಿತು. ಮರಳಿ ಬಂದವನನ್ನು ಅವನ ಜಾತಿಯವರು ತಮ್ಮವನೆಂದು ಒಪ್ಪಿಕೊಂಡರೆ ಅವನು ಆ ಜಾತಿಯವನೇ, ರಾಜಗೋಪಾಲರನ್ನು ಹಾಗೆ ಒಪ್ಪಿಕೊಂಡಿದ್ದಾರೆ ಎಂದು ತೀರ್ಮಾನಿಸಿತು. ಮಕ್ಕಳ ಶಾಲಾ ದಾಖಲೆಯಲ್ಲಿ ಏನು ಬರೆದಿದೆ, ಗುಡಿಯ ಕೆಲಸಕ್ಕೆ ಕರೆದಿದ್ದರೇ ಎಂಬಂಥ ಸಂಗತಿಗಳೆಲ್ಲ ಸಾಕ್ಷ್ಯವಾದವು. ನೋಡಿ, ಒಬ್ಬ ಮನುಷ್ಯ ಎದೆಯೊಳಗೆ ಏನು ನಂಬಿದ್ದಾನೆ ಎಂಬುದನ್ನು ಕಾಗದಪತ್ರಗಳಲ್ಲಿ ಹುಡುಕಬೇಕಾಯಿತು.

ಈ ಗೊಂದಲ ಮುಗಿದಿಲ್ಲ. ಕೇರಳದ ದೇವಿಕುಲಂ ಮೀಸಲು ಕ್ಷೇತ್ರದ ಶಾಸಕ ಎ. ರಾಜಾ ಅವರು ಕ್ರೈಸ್ತರೆಂದು 2023ರ ಮಾರ್ಚ್‌ನಲ್ಲಿ ಅಲ್ಲಿನ ಹೈಕೋರ್ಟ್ ಆಯ್ಕೆಯನ್ನು ರದ್ದು ಮಾಡಿತು. 2025ರ ಮೇ 6ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನೇ ತಳ್ಳಿಹಾಕಿತು. ಇದರ ನಡುವೆ, 2024ರ ನವೆಂಬರ್ 26ರಂದು, ಇನ್ನೊಂದು ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟ್, ನಂಬಿಕೆಯಿಲ್ಲದೆ ಬರೀ ಮೀಸಲಾತಿಯ ಲಾಭಕ್ಕಾಗಿ ಹಿಂದೂ ಎಂದು ಹೇಳಿಕೊಳ್ಳುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದಿತ್ತು.

ಈ ವಾದದಲ್ಲ ಎರಡೂ ಕಡೆಗೆ ತೂಕವಿದೆ. ಅಸ್ಪೃಶ್ಯತೆ ಹಿಂದೂ ಸಮಾಜದ ರೋಗವಾದ್ದರಿಂದ ಅದರ ಮದ್ದೂ ಅಲ್ಲಿಗೇ ಸೀಮಿತ, ಜಾತಿಯಿಲ್ಲವೆನ್ನುವ ಧರ್ಮಕ್ಕೆ ಹೋದವರು ಜಾತಿಯ ಪಾಲು ಕೇಳಬಾರದು, ಈಗಿರುವ ಪರಿಶಿಷ್ಟರ ಪಾಲು ಕರಗಬಾರದು ಎನ್ನುವವರ ಮಾತನ್ನು ತಳ್ಳಿಹಾಕಲಾಗದು. ದೀಕ್ಷಾಸ್ನಾನದ ನೀರು ಊರವರ ಕಣ್ಣಿನಲ್ಲಿರುವ ಜಾತಿಯನ್ನು ತೊಳೆಯುವುದಿಲ್ಲ, ಕೆಲವು ಚರ್ಚುಗಳಲ್ಲೇ ದಲಿತರಿಗೆ ಬೇರೆ ಸಾಲು, ಬೇರೆ ಸ್ಮಶಾನ ಇದ್ದವಲ್ಲ ಎನ್ನುವವರ ಮಾತೂ ಸುಳ್ಳಲ್ಲ. 2007ರಲ್ಲಿ ವರದಿ ಕೊಟ್ಟ ರಂಗನಾಥ ಮಿಶ್ರಾ ಆಯೋಗ ಧರ್ಮದ ಈ ನಿರ್ಬಂಧವನ್ನು ತೆಗೆಯಬೇಕೆಂದು ಹೇಳಿತು. ಅದು ಜಾರಿಯಾಗಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗವನ್ನು ಇದೇ ಪ್ರಶ್ನೆಗೆ ನೇಮಿಸಿತು. ನಾನು ಯಾವ ಕಡೆ ಎಂದು ಕೇಳುತ್ತೀರಿ. ನಂಬಿಕೆಯನ್ನು ಮುಚ್ಚಿಟ್ಟವನಿಗೆ ಹಕ್ಕು, ಬಿಚ್ಚಿ ಹೇಳಿದವನಿಗೆ ಇಲ್ಲ ಎಂಬ ಏರ್ಪಾಡು ಯಾವ ಧರ್ಮಕ್ಕೂ, ಪ್ರಜಾಪ್ರಭುತ್ವಕ್ಕೂ ಹಿತವಲ್ಲವೆಂದು ನನಗನಿಸುತ್ತದೆ. ಅದು ನನ್ನ ಅಭಿಪ್ರಾಯ. ನಿಮ್ಮದನ್ನು ನೀವು ಓದಿ ರೂಪಿಸಿಕೊಳ್ಳಬೇಕು.

ಆ ಹುಡುಗನಿಗೆ ನಾನು ಇಷ್ಟೇ ಹೇಳಿದೆ: "ತಮ್ಮಾ, ನಿನ್ನ ಅಪ್ಪ ಹಳೆಯ ಜಾತಿ ಬರೆಸಿದ್ದು ನಿನ್ನ ವಿದ್ಯಾರ್ಥಿವೇತನಕ್ಕಾಗಿ. ಅವರನ್ನು ನಾನು ದೂರಲಾರೆ. ಈ ಕಾಲಮನ್ನು ತುಂಬುವವನು ಮಾತ್ರ ನೀನು." ಇದು ಉತ್ತರವೇ ಅಲ್ಲ ಎಂಬುದು ನನಗೂ ಗೊತ್ತಿತ್ತು. ಮೇಷ್ಟರಾದವರಿಗೆ ಹೀಗೆ ನುಣುಚಿಕೊಳ್ಳುವ ಅಭ್ಯಾಸವಿರುತ್ತದೆ.

ಅವನು ಅರ್ಜಿಯನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಹೋದ.

ಆ ಚುನಾವಣೆ ಡಿಸೆಂಬರ್ 22 ಮತ್ತು 27ರಂದು ಎರಡು ಹಂತಗಳಲ್ಲಿ ನಡೆಯಿತು. ನಡುವೆ ಕ್ರಿಸ್‌ಮಸ್ ಬಂತು. ರಾಜ್ಯದ ಕೆಲವೆಡೆ ಪಂಚಾಯಿತಿ ಸ್ಥಾನಗಳನ್ನು ಊರವರೇ ಹರಾಜು ಹಾಕಿದರೆಂಬ ವರದಿಗಳು ಪತ್ರಿಕೆಗಳಲ್ಲಿ ಬರುತ್ತಿದ್ದ ದಿನಗಳವು. ಹುಡುಗ ಮೀಸಲು ಸ್ಥಾನಕ್ಕೆ ನಿಲ್ಲಲಿಲ್ಲ. ಅದೇ ವಾರ್ಡಿನ ಸಾಮಾನ್ಯ ಸ್ಥಾನಕ್ಕೆ ನಾಮಪತ್ರ ಹಾಕಿದ. ಊರ ಗೌಡಕಿಯ ಮನೆತನದವರೂ ಸೇರಿ ನಾಲ್ವರು ಕಣದಲ್ಲಿದ್ದರು. ಪ್ರಚಾರಕ್ಕೆ ಗೋವೆಯಿಂದ ಅಪ್ಪ ಬಂದರು. ಪಾಸ್ಟರು ಪ್ರಾರ್ಥನೆಯಲ್ಲಿ ಅವನ ಹೆಸರು ಎತ್ತಲಿಲ್ಲ. ಎತ್ತಬೇಡಿ ಎಂದು ಅವನೇ ಕೇಳಿಕೊಂಡಿದ್ದನಂತೆ.

ಡಿಸೆಂಬರ್ 30ರಂದು ಎಣಿಕೆ. ಸೋತ. ಆದರೆ ಏಳು ಮನೆಯ ಮತಗಳಿಗಿಂತ ಎಷ್ಟೋ ಹೆಚ್ಚು ಮತ ಬಿದ್ದಿತ್ತು. "ಇವು ಯಾರವ್ರಿ ಸರ್?" ಎಂದು ಫೋನಿನಲ್ಲಿ ಕೇಳಿದ. ಮತಪತ್ರದ ಚುನಾವಣೆಯಾದ್ದರಿಂದ ಅದನ್ನು ತಿಳಿಯುವ ದಾರಿಯೂ ಇರಲಿಲ್ಲ.

ಮುಂದೆ ಒಮ್ಮೆ ಆ ಊರಿನ ಮೇಲೆ ಹಾದುಹೋಗುವಾಗ ಪಂಚಾಯಿತಿ ಕಚೇರಿಯ ಕಟ್ಟೆಯ ಮೇಲೆ ಕಂಡ. ಇಬ್ಬರು ಮುದುಕಿಯರಿಗೆ ಉದ್ಯೋಗ ಖಾತ್ರಿ ಕೆಲಸದ ಅರ್ಜಿ ಬರೆದುಕೊಡುತ್ತಿದ್ದ. ಒಬ್ಬಾಕೆಯ ಹಣೆಯಲ್ಲಿ ವಿಭೂತಿಯಿತ್ತು. ನನ್ನನ್ನು ಕಂಡು ಏಳಲು ಹೋದವನ ಮೊಣಕೈ ಹಿಡಿದು ಆಕೆ, "ಮೊದಲ ನನ್ನ ಹೆಸರ ಬರಿಯಪ್ಪಾ, ಸರ ಎಲ್ಲಿ ಹೋಗ್ತಾರ?" ಎಂದಳು.